ನೌಕಾಧಿಪತಿಯ ತಾಮ್ರದ ಕಡಗ

“ಬರೆದಿಟ್ಕೋ! ಇನ್ನೊಂದು ತಿಂಗಳಲ್ಲಿ ನೀನು ಕನ್ನಡಕದ ಅಂಗಡಿಯವನ ಹೆಂಡತಿ ಅಲ್ಲ. ನೌಕಾಧಿಪತಿಯ ಪತ್ನಿ!”

ಕನ್ನಡಕದವರು ಹೀಗೆ ಘೋಷಿಸಿದಾಗ ಅವರ ಹೆಂಡತಿ ಬಾಯಲ್ಲಿ ನಾಲ್ಕು ಗುಂಡುಪಿನ್ನು ಕಚ್ಚಿಕೊಂಡು ಯಾರದೋ ಮದುವೆಯ ಗೌನಿನ ಅಂಚು ಮಡಿಸುತ್ತಿದ್ದರು. ಆಕೆ ದರ್ಜಿ. ಪಿನ್ನುಗಳನ್ನು ಒಂದೊಂದಾಗಿ ಬಟ್ಟೆಗೆ ಚುಚ್ಚಿ, ಬಾಯಿ ಖಾಲಿಯಾದ ಮೇಲೆ ಕೇಳಿದರು:

“ಎರಡೂ ಒಬ್ಬನೇ ಗಂಡನಾ, ಬೇರೆ ಬೇರೆಯಾ?”

ಕನ್ನಡಕದವರು ಪತ್ರಿಕೆಯ ಚೂರನ್ನು ಆಕೆಯ ಮುಂದೆ ಹಿಡಿದರು. ‘ಅಲ್ಯೂಮಿನಿಯಂ ಒಡಲಿನ ಮೋಟಾರು ವಿಹಾರ ನೌಕೆ. ಹನ್ನೆರಡು ಮೀಟರ್. ಮೂವತ್ತೊಂದು ವರ್ಷ ಹಳೆಯದು. ಮೊದಲಿನಿಂದ ಒಬ್ಬರದೇ ಕೈ.’

“ಅಲ್ಯೂಮಿನಿಯಮ್ಮಾ? ನಮ್ಮ ಹಾಲಿನ ಪಾತ್ರೆಯೂ ಅದೇ ಕಣ್ರೀ! ಮೂರು ಸಲ ಕೈ ಜಾರಿದ್ದಕ್ಕೆ ಅದರ ಮೂತಿ ಹೇಗಾಗಿದೆ ನೋಡಿ.”

“ಇದು ಸಮುದ್ರಕ್ಕೆ ಅಂತಲೇ ಮಾಡಿದ ಲೋಹ ಕಣೇ! ಕಬ್ಬಿಣದ ಹಾಗೆ ತುಕ್ಕು ತಿನ್ನಲ್ಲ, ಮರದ ಹಾಗೆ ಹುಳು ಹಿಡಿಯಲ್ಲ. ಬಂಡೆಗೆ ತಗುಲಿದ್ರೂ ತಗ್ಗು ಬೀಳುತ್ತೆ, ತೂತು ಬೀಳಲ್ಲ!”

“ಹಾಗಾದ್ರೆ ಬಂಡೆಗೆ ಗುದ್ದೋದು ಖಾತ್ರಿ ಅನ್ನಿ.”

ಆದರೆ ಕನ್ನಡಕದವರ ಹಂಬಲ ಪತ್ರಿಕೆ ನೋಡಿ ಹುಟ್ಟಿದ್ದಲ್ಲ. ಇಪ್ಪತ್ತನಾಲ್ಕು ವರ್ಷದಿಂದ ಅವರು ಒಂದು ಕತ್ತಲೆ ಕೋಣೆಯಲ್ಲಿ ಜನರ ಕಣ್ಣು ಪರೀಕ್ಷೆ ಮಾಡುತ್ತಿದ್ದರು. ಅಕ್ಷರದ ಪಟ ಆರು ಮೀಟರ್ ದೂರದಲ್ಲಿರಬೇಕು. ಕಣ್ಣಿನ ಲೆಕ್ಕದಲ್ಲಿ ಆರು ಮೀಟರ್ ಅಂದರೆ ಅನಂತ. ಅಂಗಡಿಯ ಕೋಣೆಯೋ, ಇದ್ದದ್ದೇ ಮೂರು ಮೀಟರ್! ಗೋಡೆಗೊಂದು ಕನ್ನಡಿ ಹಾಕಿ ಅದನ್ನು ಆರು ಮಾಡಿಕೊಂಡಿದ್ದರು. ಹೀಗೆ ಅವರ ಪಾಲಿಗೆ ಬಂದ ಅನಂತದಲ್ಲಿ ಅರ್ಧ ಕನ್ನಡಿಯದು. ಹೊಸ ಕನ್ನಡಕ ಹಾಕಿಕೊಂಡ ಗಿರಾಕಿಗಳು “ಅಬ್ಬಾ, ಈಗ ಎಲ್ಲ ಕಾಣ್ತಿದೆ!” ಎಂದು ಹೊರಗೆ ಹೋಗಿ, ಮೆಟ್ಟಿಲ ಮೇಲೆ ನಿಂತು ಬೀದಿಯ ಆ ತುದಿ ನೋಡುತ್ತಿದ್ದರು. ಕನ್ನಡಕದವರು ಒಳಗಿನಿಂದ ಆ ಗಿರಾಕಿಗಳ ಬೆನ್ನು ನೋಡುತ್ತಿದ್ದರು. ಒಂದೇ ಒಂದು ಸಲ, ನೋಟಕ್ಕೆ ಯಾವುದೂ ಅಡ್ಡ ಬರದ ಜಾಗದಲ್ಲಿ ನಿಂತು ನೋಡಬೇಕು ಅನ್ನುವ ಆಸೆ ವರ್ಷದಿಂದ ವರ್ಷಕ್ಕೆ ಬೆಳೆದು, ಕೊನೆಗೆ ಹನ್ನೆರಡು ಮೀಟರ್ ಉದ್ದವಾಗಿತ್ತು.

ಎರಡು ವಾರ ಅವರು ಅಲ್ಯೂಮಿನಿಯಂ ಶಾಸ್ತ್ರ ಅಧ್ಯಯನ ಮಾಡಿದರು. ಮಾಡಿ ಮಹಾಪಂಡಿತರಾದರು! ಶನಿವಾರ ಬೆಳಿಗ್ಗೆ ಕೈಯಲ್ಲಿ ಟಾರ್ಚು, ಜೇಬಲ್ಲಿ ಕನ್ನಡಕದ ಪುಟ್ಟ ಸ್ಕ್ರೂಡ್ರೈವರು, ಪಕ್ಕದಲ್ಲಿ ಗೊಣಗುವ ಹೆಂಡತಿ, ಹೀಗೆ ಸಕಲ ಸಜ್ಜಿತರಾಗಿ ಬಂದರಿಗೆ ಹೋದರು.

ನೌಕೆಯನ್ನು ಕಂಡದ್ದೇ ಪಾಂಡಿತ್ಯವೆಲ್ಲ ಆವಿಯಾಯಿತು. ಬಣ್ಣ ಬಳಿಯದ ಬೂದು ಮೈ, ಮೊಂಡು ಮೂಗು, ಸಾಲಾಗಿ ಒಂಬತ್ತು ಕಿಟಕಿ. ಸಣ್ಣ ಅಲೆಗೆ ಹಗ್ಗವನ್ನು ಮೆಲ್ಲಗೆ ಎಳೆದು ಬಿಡುತ್ತಿತ್ತು, ಹೊರಡೋಣವಾ ಎಂದು ಸೆರಗು ಜಗ್ಗಿದ ಹಾಗೆ. ಹೆಂಡತಿ ಗಂಡನ ಮುಖ ನೋಡಿದರು. ಮದುವೆಯ ಫೋಟೋದಲ್ಲೂ ಆ ಮುಖ ಇರಲಿಲ್ಲ.

“ಬನ್ನಿ ಬನ್ನಿ, ಚಪ್ಪಲಿ ಬಿಟ್ಟು ಹತ್ತಿ!” ನೌಕೆಯ ಒಡತಿ ಎಪ್ಪತ್ತು ದಾಟಿದ ನಿವೃತ್ತ ಹಲ್ಲಿನ ಡಾಕ್ಟರು. ಗಿಡ್ಡ ಕೂದಲು, ಗಟ್ಟಿ ದನಿ, ದಾರಕ್ಕೆ ಕಟ್ಟಿದ ದಪ್ಪ ಕನ್ನಡಕ.

“ಇಷ್ಟು ಚೆನ್ನಾಗಿ ಇಟ್ಕೊಂಡಿದ್ದೀರಿ. ಯಾಕೆ ಡಾಕ್ಟ್ರಮ್ಮ, ಮಾರ್ತಿರೋದು?” ದರ್ಜಿ ಕೇಳಿದರು.

ಡಾಕ್ಟ್ರಮ್ಮ ನೌಕೆಯ ಮೂತಿಯ ಮೇಲಿನ ಎರಡು ತಗ್ಗುಗಳನ್ನು ಸವರಿದರು. “ಆರು ತಿಂಗಳಲ್ಲಿ ಎರಡು ಸಲ ಈ ಜೆಟ್ಟಿ ಕಟ್ಟೆಗೆ ಗುದ್ದಿದೆ. ಮೂವತ್ತು ವರ್ಷ ಗುದ್ದದವಳು! ವಯಸ್ಸಾಯ್ತು, ಕೈ ಹಿಡಿತ ತಪ್ಪಿದೆ. ನಾಳೆ ಈಜೋರಿಗೆ ಯಾರಿಗಾದ್ರೂ ತಗುಲಿದ್ರೆ? ಬೇಡಪ್ಪ, ಸಾಕು.” ಸಾಕು ಎಂದ ಮೇಲೂ ಆಕೆಯ ಕೈ ತಗ್ಗಿನ ಮೇಲೇ ಇತ್ತು.

“ಹಾಲಿನ ಪಾತ್ರೆ!” ಎಂದು ದರ್ಜಿ ಗಂಡನ ಕಿವಿಯಲ್ಲಿ ಪಿಸುಗುಟ್ಟಿದರು.

ಕನ್ನಡಕದವರು ಗಂಟಲು ಸರಿಮಾಡಿಕೊಂಡು ತಪಾಸಣೆ ಶುರುಮಾಡಿದರು. ಕುಟ್ಟಿದರು, ಮೂಸಿದರು, ಹೂಂಗುಟ್ಟಿದರು. ಕೊನೆಗೆ ನೆಲದ ಹಲಗೆಯೊಂದನ್ನು ಎತ್ತಿಸಿ, ತಳದಲ್ಲಿ ನಿಂತ ನೀರಿಗೆ ಟಾರ್ಚು ಬಿಟ್ಟು ಭಾಷಣ ಬಿಗಿದರು: “ನೋಡಿ ಡಾಕ್ಟ್ರಮ್ಮ, ಅಲ್ಯೂಮಿನಿಯಂಗೂ ತಾಮ್ರಕ್ಕೂ ಹಾವು ಮುಂಗುಸಿ ಸಂಬಂಧ. ಉಪ್ಪುನೀರಲ್ಲಿ ಒಂದೇ ಒಂದು ತಾಮ್ರದ ಚೂರು ಬಿದ್ದಿದ್ರೂ ಸಾಕು, ಮೆಲ್ಲಗೆ ಕೊರೆದು ತೂತು ಮಾಡಿಬಿಡುತ್ತೆ. ನಿಮ್ಮ ನೌಕೆಯಲ್ಲಿ ತಾಮ್ರ ಎಲ್ಲೂ ಇಲ್ಲ ತಾನೇ?”

“ಮೂವತ್ತೊಂದು ವರ್ಷದಲ್ಲಿ ಒಂದು ಚೂರು ಬಿಟ್ಟಿಲ್ಲ!”

“ಇನ್ನೂ ಒಳಗೆ ನೋಡ್ತೀನಿ,” ಎಂದು ಅವರು ಬಗ್ಗಿ, ಬಲಗೈ ಚಾಚಿದರು.

ಟಣ್! ಟಣಟಣ! ಗುಳುಕ್.

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಏನ್ರೀ ಅದು?” ದರ್ಜಿ ಕೇಳಿದರು.

“ಏನಿಲ್ಲ... ನನ್ನ ಕೈಕಡಗ.”

“ಮಣಿಕಟ್ಟಿನ ನೋವಿಗೆ ಅಂತ ನಾನೇ ತಂದುಕೊಟ್ಟ ತಾಮ್ರದ ಕಡಗವಾ?!”

ಡಾಕ್ಟ್ರಮ್ಮ ಸೊಂಟದ ಮೇಲೆ ಕೈ ಇಟ್ಟರು. “ಕನ್ನಡಕದವರೇ, ಅದು ಸಿಗೋವರೆಗೆ ನೀವು ಈ ದೋಣಿಯಿಂದ ಇಳಿಯೋ ಹಾಗಿಲ್ಲ!”

ದೋಣಿಯಿಂದ ಇಳಿಯುವ ಹಾಗಿಲ್ಲ! ಇಪ್ಪತ್ತನಾಲ್ಕು ವರ್ಷದಿಂದ ಅವರು ಕೇಳಬೇಕೆಂದಿದ್ದ ಮಾತು, ಇಂಥ ದನಿಯಲ್ಲಿ ಕೇಳಬೇಕಾಯಿತು.

ಒಂದು ಹಲಗೆ ಹೋಗಿ ಮೂರಾಯಿತು, ಮೂರು ಹೋಗಿ ಹನ್ನೊಂದಾಯಿತು. ಡಾಕ್ಟ್ರಮ್ಮ ಮನೆಯಿಂದ ಹಲ್ಲು ನೋಡುವ ಪುಟ್ಟ ಕನ್ನಡಿ ತಂದರು. ಅಯಸ್ಕಾಂತ ಬಿಟ್ಟು ನೋಡೋಣ ಅಂದ ಕನ್ನಡಕದವರಿಗೆ “ತಾಮ್ರ ಅಂಟುತ್ತಾ ಪಂಡಿತರೇ?” ಎಂದು ದರ್ಜಿ ನೆನಪಿಸಿದರು. ಪಂಡಿತರು ಹೊಟ್ಟೆ ಮೇಲೆ ಮಲಗಿ, ಎರಡು ಪಕ್ಕೆಲುಬುಗಳ ನಡುವೆ ತೋಳು ತೂರಿಸಿದರು. ನೌಕೆಯ ಪಕ್ಕೆಲುಬು! ತೋಳು ಹೋಯಿತು. ಬರಲಿಲ್ಲ.

“ಎಳೀರಿ!” “ಎಳೀತಿದ್ದೀನಿ!” “ಉಸಿರು ಬಿಡ್ರೀ!” “ಕೈಯಲ್ಲಿ ಉಸಿರು ಎಲ್ಲಿಂದ ಬರುತ್ತೆ ಕಣೇ!”

ಪಾತ್ರೆ ತೊಳೆಯುವ ಸೋಪು ಸುರಿದರೂ ಜಗ್ಗಲಿಲ್ಲ. ಹೆಂಗಸರಿಬ್ಬರೂ ಬೇರೆ ಉಪಾಯ ಹುಡುಕಲು ಮೇಲೆ ಹೋದರು. ಕನ್ನಡಕದವರು ಒಬ್ಬರೇ ಉಳಿದರು, ಕೆನ್ನೆ ಲೋಹಕ್ಕೆ ಒತ್ತಿಕೊಂಡು.

ಆಗ ಕೇಳಿಸಿತು. ಲೋಹದ ಆಚೆ ನೀರು ಮಾತಾಡುತ್ತಿತ್ತು. ಸಣ್ಣಗೆ, ಬಿಡದೆ, ಮನೆಯವರು ಪಕ್ಕದ ಕೋಣೆಯಲ್ಲಿ ಮಾತಾಡಿದ ಹಾಗೆ. ಬೆರಳಗಲವೂ ಇಲ್ಲದ ಒಂದು ತಗಡು, ಅದರಾಚೆ ಇಡೀ ಸಮುದ್ರ. ಕೈ ನೋಯುತ್ತಿತ್ತು, ಸೋಪು ಕಿವಿಗೆ ಹೋಗಿತ್ತು, ಮೂಗಿಗೆ ಡೀಸೆಲ್ ವಾಸನೆ. ಆದರೂ ಕನ್ನಡಕದವರಿಗೆ, ಇವರು ಇನ್ನೂ ಸ್ವಲ್ಪ ಹೊತ್ತು ಕೆಳಗೆ ಬರದಿದ್ದರೆ ಸಾಕು ಅನಿಸಿತು.

ಬಂದರು. “ನೀರು ಖಾಲಿ ಮಾಡಿದ್ರೆ ಕಡಗ ಕಾಣುತ್ತೆ. ಪಂಪು ಹಾಕ್ತೀನಿ,” ಎಂದು ಡಾಕ್ಟ್ರಮ್ಮ ಕಿತ್ತ ಹಲಗೆಗಳ ಈಚೆ ನಿಂತೇ ಸ್ವಿಚ್ಚುಗಳತ್ತ ತೋಳು ಚಾಚಿದರು. “ಎಲೆಕ್ಟ್ರಿಷಿಯನ್ನು ಎಲ್ಲ ಅದಲುಬದಲು ಮಾಡಿದ್ದಾನೆ... ಹಾಂ, ಇಲ್ಲಿದೆ, ಪಂಪು!”

ಚಟ್ ಅಂದಿತು. ಆಮೇಲೆ ಆದದ್ದು ಪ್ರಳಯ! ಸಾವಿರ ತಟ್ಟೆಗಳು ಒಟ್ಟಿಗೆ ಮಹಡಿ ಮೆಟ್ಟಿಲಿನಿಂದ ಉರುಳಿದರೆ ಎಷ್ಟು ಸದ್ದಾಗುತ್ತದೋ ಅಷ್ಟು ಸದ್ದು ನೌಕೆಯ ಮೂತಿಯಿಂದ ಬಾಲದವರೆಗೆ ಗುಡುಗಿತು. ಲಂಗರಿನ ಸರಪಳಿ ಸರಸರನೆ ಬಿಚ್ಚಿ ನೀರಿಗಿಳಿಯುತ್ತಿತ್ತು! ಸೋಪಿಗೆ ಬಗ್ಗದ ತೋಳು ಬೆಚ್ಚಿಬಿದ್ದ ಹೊಡೆತಕ್ಕೆ ತಾನಾಗಿ ಹೊರಬಂತು. ದರ್ಜಿ ಹಾರಿ ಸ್ವಿಚ್ಚು ಆರಿಸಿದರು.

ಕನ್ನಡಕದವರು ಎದ್ದು ಸ್ವಿಚ್ಚಿನ ಕೆಳಗಿನ ಚೀಟಿ ಓದಿದರು. ‘ಲಂಗರು’. ಪಕ್ಕದ್ದು ‘ಪಂಪು’. ಎರಡೂ ಹೆಬ್ಬೆರಳಿನಷ್ಟು ದೊಡ್ಡ ಅಕ್ಷರ. ಎರಡು ಪದದಲ್ಲೂ ಎದ್ದು ಕಾಣುವುದು ಒಂದು ಸೊನ್ನೆ. ಡಾಕ್ಟ್ರಮ್ಮ ಬರೀ ಆ ಸೊನ್ನೆ ನೋಡಿ ಓದಿದ್ದರು.

ಕನ್ನಡಕದವರು ಆಕೆಯ ದಪ್ಪ ಕನ್ನಡಕವನ್ನೇ ದಿಟ್ಟಿಸಿದರು.

ಸರಿಯಾದ ಸ್ವಿಚ್ಚು ಹಾಕಿದ ಮೇಲೆ ದರ್ಜಿ, ಅಳತೆಯ ಟೇಪಿನ ತುದಿಗೆ ಕರ್ಟನ್ನಿನ ಕೊಕ್ಕೆ ಕಟ್ಟಿ, ಹಲ್ಲಿನ ಕನ್ನಡಿಯಲ್ಲಿ ನೋಡುತ್ತಾ ಎರಡು ನಿಮಿಷದಲ್ಲಿ ಕಡಗ ಎತ್ತಿದರು. ಡಾಕ್ಟ್ರಮ್ಮ ಚಪ್ಪಾಳೆ ತಟ್ಟಿದರು. “ಇಷ್ಟು ಕಷ್ಟಪಟ್ಟು ಹುಡುಕಿದವರು ನೀವು. ಈ ದೋಣಿನ ನಿಮಗೇ ಕೊಡ್ತೀನಿ. ಇರಿ, ಕಾಗದ ಪತ್ರ ತರ್ತೀನಿ.”

ಆಕೆ ಇಳಿದು ಹೋದರು. ಗಂಡಹೆಂಡಿರು ಇಬ್ಬರೇ ಉಳಿದರು.

“ರೀ,” ದರ್ಜಿ ಕಿಟಕಿಯ ಕಡೆ ತಿರುಗಿಯೇ ಹೇಳಿದರು, “ಒಂಬತ್ತು ಕಿಟಕಿಯ ಅಳತೆಯೂ ತಗೊಂಡಿದ್ದೀನಿ. ನೀಲಿ ಬೇಡ, ಹೊರಗಿರೋದೆಲ್ಲ ನೀಲಿನೇ. ಹಳದಿ ಪರದೆ ಹಾಕೋಣ.”

ಗೊಣಗುತ್ತಾ ಬಂದವಳು ಯಾವಾಗ ಕಿಟಕಿ ಅಳೆದಳು? ಹೇಳಬೇಕಾದದ್ದನ್ನು ಹೇಳುವುದು ಕನ್ನಡಕದವರಿಗೆ ಈಗ ಇನ್ನೂ ಕಷ್ಟವಾಯಿತು.

“ಅವರ ಕೈ ತಪ್ಪಿಲ್ಲ ಕಣೇ. ಕನ್ನಡಕ ತಪ್ಪಿದೆ. ಅದು ಗೇಣು ದೂರದ್ದು ನೋಡೋ ಕನ್ನಡಕ, ತೋಳಿನಾಚೆ ಇರೋದೆಲ್ಲ ಮಸುಕು. ಅದಕ್ಕೇ ಜೆಟ್ಟಿಗೆ ಗುದ್ದಿರೋದು.”

ದರ್ಜಿ ತಿರುಗಿದರು.

“ಹೇಳಲೇಬೇಕಾ?”

ಕೇಳಿದ್ದು ಆಕೆ! ಹಾಲಿನ ಪಾತ್ರೆ ಅಂದ ಆಕೆ! ಕನ್ನಡಕದವರು ಒಂಬತ್ತು ಕಿಟಕಿಯನ್ನೂ ಒಮ್ಮೆ ನೋಡಿದರು. ಒಂದೊಂದರಲ್ಲೂ ಹಿಡಿಯಷ್ಟು ಸಮುದ್ರವಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಎಲ್ಲ ಅವರದು.

“ನಾನು ಬೇರೇನಾದ್ರೂ ಆಗಿದ್ರೆ ಸುಮ್ಮನಿರಬಹುದಿತ್ತು,” ಎಂದರು.

ದರ್ಜಿ ಟೇಪನ್ನು ಸುತ್ತಿ ಚೀಲಕ್ಕೆ ಹಾಕಿದರು. “ಹೇಳಿ ಹಾಗಾದ್ರೆ. ಬೇಗ ಹೇಳಿ, ನನ್ನ ಮನಸ್ಸು ಬದಲಾಗೋದ್ರೊಳಗೆ.”

ಡಾಕ್ಟ್ರಮ್ಮ ಮೊದಲು ನಂಬಲಿಲ್ಲ. “ಇದೇ ಕನ್ನಡಕದಲ್ಲಿ ಎಷ್ಟು ಸಾವಿರ ಹಲ್ಲು ನೋಡಿದ್ದೀನಿ!”

“ಹಲ್ಲು ನೋಡೋ ಕನ್ನಡಕದಲ್ಲಿ ನೌಕೆ ನಡೆಸಿದ್ರೆ, ಜೆಟ್ಟಿ ಬಾಯಿಗೇ ಬಂದ ಮೇಲೆ ಕಾಣೋದು ಡಾಕ್ಟ್ರಮ್ಮ! ದೂರಕ್ಕೆ ಬೇರೆ ಇರಲಿಲ್ವಾ?”

“ಇತ್ತು. ಚಳಿಗಾಲದಲ್ಲಿ ನೀರಿಗೆ ಬಿತ್ತು. ಹೋಗಲಿ, ಅದರಲ್ಲೂ ಮಸುಕೇ ಕಾಣ್ತಿತ್ತು. ವಯಸ್ಸಾದ್ರೆ ಎಲ್ಲರಿಗೂ ಹಾಗೇ ಅಂದ್ಕೊಂಡೆ.” ಆಕೆಯ ಗಟ್ಟಿ ದನಿ ಮೊದಲ ಸಲ ಸಣ್ಣದಾಗಿತ್ತು.

ಸೋಮವಾರ ಕತ್ತಲೆ ಕೋಣೆಯಲ್ಲಿ ಪರೀಕ್ಷೆಯಾಯಿತು. ಗುರುವಾರ ಕನ್ನಡಕದವರೇ ಹೊಸ ಕನ್ನಡಕವನ್ನು ಬಂದರಿಗೆ ಒಯ್ದು, ಕಿವಿಯ ಹಿಂದೆ ಬಾಗಿಸಿ ಕೂರಿಸಿದರು. ಡಾಕ್ಟ್ರಮ್ಮ ಜೆಟ್ಟಿಯ ತುದಿಗೆ ನಡೆದು ನಿಂತರು. ಬಹಳ ಹೊತ್ತು ತಿರುಗಲಿಲ್ಲ.

“ಆ ದೀಪದ ಕಂಬಕ್ಕೆ ಕೆಂಪು ಬಣ್ಣ ಯಾವಾಗ ಬಳಿದ್ರು?” ಎಂದರು ಕೊನೆಗೆ. ಆಮೇಲೆ ಇನ್ನೂ ಮೆಲ್ಲಗೆ, “ಕನ್ನಡಕದವರೇ, ನಂಗೆ ಬೈಕೋಬೇಡಿ. ನಾನು ಇದನ್ನ ಮಾರಲ್ಲ.”

“ಗೊತ್ತು,” ಎಂದರು ಕನ್ನಡಕದವರು. ಎಲ್ಲಕ್ಕಿಂತ ಕಷ್ಟವಾದದ್ದು, ಆಕೆಯ ಬೆನ್ನು ನೋಡುತ್ತಾ ನಿಂತದ್ದು.

ಭಾನುವಾರ ಡಾಕ್ಟ್ರಮ್ಮ ಇಬ್ಬರನ್ನೂ ಒಂದು ಸುತ್ತಿಗೆ ಕರೆದೊಯ್ದರು. ಜೆಟ್ಟಿಗೆ ಕೂದಲೆಳೆಯಷ್ಟೂ ತಾಗಿಸದೆ ನೌಕೆಯನ್ನು ಹೊರಗೆ ತಂದರು. ದಡ ಗೆರೆಯಾಯಿತು, ಗೆರೆ ಇಲ್ಲವಾಯಿತು. ಮುಂದೆ ನೀರು, ನೀರಿನಾಚೆ ನೀರು, ಅದರಾಚೆ ಆಕಾಶ ಬಾಗಿ ಮುಟ್ಟಿದ ಜಾಗ. ಕನ್ನಡಕದವರು ತಮ್ಮ ಕನ್ನಡಕ ತೆಗೆದು ಒರೆಸಿದರು. ಒದ್ದೆಯಾದದ್ದು ಗಾಜು ಅಲ್ಲ ಎಂದು ಆಮೇಲೆ ತಿಳಿಯಿತು. ದರ್ಜಿ ಅವರ ತೋಳು ಹಿಡಿದುಕೊಂಡರು. ಒಂದು ಅಲೆ ಬಂದು ಇಬ್ಬರ ಮೇಲೂ ಸುರಿದಾಗ, ಕನ್ನಡಕದವರು ಬಾಯಿ ಇಷ್ಟಗಲ ಮಾಡಿ ನಕ್ಕರು. ಅಂಥ ನಗು ನಕ್ಕು ಎಷ್ಟೋ ವರ್ಷವಾಗಿತ್ತು.

ಚುಕ್ಕಾಣಿ ಹಿಡಿದಿದ್ದ ಡಾಕ್ಟ್ರಮ್ಮ ತಿರುಗಿ ನೋಡಿದರು. ಹೊಸ ಕನ್ನಡಕ ಫಳ್ಳನೆ ಮಿಂಚಿತು.

“ಹಾಗೇ ಇರಿ! ಬಾಯಿ ಮುಚ್ಚಬೇಡಿ!” ಎಂದು ಅಲ್ಲಿಂದಲೇ ಕೂಗಿದರು. “ಎಡಗಡೆ ಕೆಳಗಿನ ದವಡೆ ಹಲ್ಲು, ಪೂರ್ತಿ ಹುಳುಕು! ಉಳಿಯಲ್ಲ ಅದು. ನಾಳೆ ಬೆಳಿಗ್ಗೆ ನನ್ನ ಹಳೇ ಕ್ಲಿನಿಕ್ಕಿಗೆ ಬನ್ನಿ, ನಾನೇ ನಿಂತು ತೆಗೆಸ್ತೀನಿ.”

ಸೋಮವಾರ ಸಂಜೆ ಗೌನು ಒಯ್ಯಲು ಬಂದ ಗಿರಾಕಿ, ಮೂಲೆಯಲ್ಲಿ ಕೆನ್ನೆ ಊದಿಸಿಕೊಂಡು ಕೂತವರನ್ನು ನೋಡಿ ಕೇಳಿದಳು: “ಯಜಮಾನ್ರು ದೋಣಿ ಕೊಳ್ಳೋಕೆ ಹೋಗಿದ್ರಂತಲ್ಲ, ಏನಾಯ್ತು?”

ದರ್ಜಿ ದಾರ ಕಚ್ಚಿ ತುಂಡುಮಾಡಿ ಹೇಳಿದರು: “ಏನಾಗುತ್ತೆ? ಹೋದ್ರು, ನೋಡಿದ್ರು, ಹಲ್ಲು ಬಿಟ್ಟು ಬಂದ್ರು!”