ಕಡಿದ ಕಲ್ಲೆಲ್ಲ ಎಲ್ಲಿಗೆ ಹೋಯಿತು?

ವಯಸ್ಸಾದ ಮೇಲೆ ಕೆಲವರಿಗೆ ಸಕ್ಕರೆ ಕಾಯಿಲೆ ಬರುತ್ತೆ, ಕೆಲವರಿಗೆ ಮಂಡಿನೋವು. ನನಗೆ ಬಂದದ್ದು ಒಂದು ಪ್ರಶ್ನೆ. ವಿಮಾ ಕಚೇರಿಯಲ್ಲಿ ಇದ್ದಷ್ಟು ವರ್ಷ ಪ್ರಶ್ನೆ ಕೇಳುವ ಕೆಲಸ ಗಿರಾಕಿಗಳದ್ದು, ತಪ್ಪಿಸಿಕೊಳ್ಳುವ ಕೆಲಸ ನನ್ನದು. ನಿವೃತ್ತನಾದ ಮೇಲೆ ಅದು ತಿರುಗುಮುರುಗಾಯಿತು. ಅಂದಿನಿಂದ ನಾನು ಬಾಯಿಬಿಟ್ಟಲ್ಲೆಲ್ಲ ಏನಾದರೊಂದು ಆಗುತ್ತಲೇ ಇದೆ.

೧. ಇದ್ದದ್ದು, ಇಲ್ಲದ್ದು

ನಿವೃತ್ತಿಯಾದ ವರ್ಷವೇ ಹೆಂಡತಿಯ ಜೊತೆ ಬಾದಾಮಿಗೆ ಹೋಗಿದ್ದೆ. ಗುಡ್ಡವನ್ನೇ ಕೊರೆದು ಕಂಬ, ಚಾವಣಿ, ದೇವರು ಎಲ್ಲವನ್ನೂ ಬಂಡೆಯಲ್ಲೇ ಬಿಡಿಸಿದ ಗುಹೆಗಳು. ಬಂದವರೆಲ್ಲ ನಟರಾಜನ ಕೈ ಎಣಿಸುತ್ತಿದ್ದರೆ ನನಗೆ ಬೇರೆಯೇ ಯೋಚನೆ. ಈಗ ನಾವು ನಿಂತಿರುವ ಜಾಗದಲ್ಲಿ ಮೊದಲು ಕಲ್ಲಿತ್ತಲ್ಲ, ಅದೆಲ್ಲ ಎಲ್ಲಿಗೆ ಹೋಯಿತು?

ಗೈಡನ್ನು ಕೇಳಿದೆ. ಅವನು ವಿಷ್ಣುವನ್ನು ತೋರಿಸಿದ. ಮತ್ತೆ ಕೇಳಿದೆ. ವರಾಹನನ್ನು ತೋರಿಸಿದ. ಬಿಡದೆ ಬೆನ್ನು ಹತ್ತಿದಾಗ ಕೈ ಮುಗಿದುಬಿಟ್ಟ.

“ಸರ, ಇದ್ದದ್ದನ್ನ ತೋರಿಸೂದು ನನ್ನ ಕೆಲಸರಿ. ಇಲ್ಲದ್ದನ್ನ ಹೆಂಗ ತೋರಿಸ್ಲಿ?”

೨. ಸೊಪ್ಪಿನ ರಸ

ಕೊಡಿಗೇಹಳ್ಳಿಗೆ ವಾಪಸು ಬಂದು, ಪಾರ್ಕಿನಲ್ಲಿ ಬೆಳಗ್ಗೆ ವಾಕಿಂಗ್ ಮಾಡುವ ನಮ್ಮ ಗುಂಪಿನ ಮುಂದೆ ಪ್ರಶ್ನೆ ಇಟ್ಟೆ. ವಾಕಿಂಗ್ ಅಂದೆನಲ್ಲ, ನಾವು ಕೂತೇ ಮಾಡೋದು. ಒಬ್ಬರು ಬೇರೆ ಗ್ರಹದವರು ಬಂದು ಕೊರೆದು ಹೋದರು ಅಂದರು. ಇನ್ನೊಬ್ಬರು ಬಂಡೆಗೆ ತೂತು ಹೊಡೆದು, ಮರದ ಗೂಟ ಜಡಿದು, ನೀರು ಹುಯ್ಯುತ್ತಿದ್ದರಂತೆ, ಗೂಟ ಉಬ್ಬಿ ಬಂಡೆ ಸೀಳುತ್ತಿತ್ತಂತೆ ಅಂದರು. ಇದು ನನ್ನ ಮನಸ್ಸಿಗೆ ನಾಟಿತು.

ಮೂರನೆಯವರು ನಿವೃತ್ತ ಮೇಷ್ಟ್ರು. ಹಿಂದಿನವರಿಗೆ ಒಂದು ಸೊಪ್ಪು ಗೊತ್ತಿತ್ತು, ಅದರ ರಸ ಸವರಿದರೆ ಎಂಥ ಕಲ್ಲೂ ಬೆಣ್ಣೆಯ ಹಾಗೆ ಕರಗುತ್ತಿತ್ತು, ಕಡಿದ ಚೂರು ಸಿಗದೇ ಇರೋದಕ್ಕೆ ಅದೇ ಕಾರಣ ಅಂತ ಸಾಧಿಸಿದರು. ಹೇಳುತ್ತಾ ಹೇಳುತ್ತಾ ಸೊಂಟ ಹಿಡಿದುಕೊಂಡು ಬಗ್ಗಿಬಿಟ್ಟರು. ಅವರಿಗೆ ಕಿಡ್ನಿಯಲ್ಲಿ ಕಲ್ಲು. ಗೂಟದ ವಾದದವರು ನೀರಿನ ಬಾಟಲಿ ಕೈಗೆ ಕೊಟ್ಟು, “ಆ ಸೊಪ್ಪು ಸಿಗೋವರೆಗೂ ಇದನ್ನ ಕುಡೀತಿರಿ ಮೇಷ್ಟ್ರೇ” ಅಂದರು.

ಕೊನೆಗೆ, ಹೀಗೆ ಕೂತು ಮಾತಾಡಿದರೆ ಆಗದು, ದಸರಾ ಕಳೆದ ಮೇಲೆ ಎಲ್ಲರೂ ಸಂಸಾರ ಸಮೇತ ಎಲ್ಲೋರಕ್ಕೆ ಹೋಗಿ ನೋಡಿಬಿಡೋಣ ಅಂತ ತೀರ್ಮಾನವಾಯಿತು. ಅಲ್ಲಿ ಇಡೀ ಗುಡ್ಡವನ್ನೇ ಮೇಲಿನಿಂದ ಕೆಳಕ್ಕೆ ಕಡೆದು ಒಂದು ದೇವಸ್ಥಾನ ತೆಗೆದಿದ್ದಾರೆ. ನನಗೆ ಆ ರಾತ್ರಿ ನಿದ್ದೆಯೇ ಬರಲಿಲ್ಲ.

೩. ಗೂಟದ ಪ್ರಯೋಗ

ಹೆಂಡತಿ ಒಂದು ಷರತ್ತು ಹಾಕಿದಳು. ನಲ್ಲಿ ನೀರು ಯಾವಾಗ ಬರುತ್ತೋ ಗೊತ್ತಿಲ್ಲ, ಟ್ಯಾಂಕರ್ ನೀರು ತುಂಬಿಸಿಕೊಳ್ಳೋಕೆ ಜಾಗ ಇಲ್ಲ. ಮೊದಲು ಮನೆ ಮುಂದೆ ಸಂಪು ಆಗಲಿ, ಆಮೇಲೆ ಎಲ್ಲೋರ. ಅವಳು ಬರದೆ ನಾನೊಬ್ಬನೇ ಹೋಗುವ ಧೈರ್ಯ ನನಗಿಲ್ಲ.

ಅಗೆಸಿದೆ. ಎದೆಮಟ್ಟ ಇಳಿಯುವಷ್ಟರಲ್ಲಿ ಬಂಡೆ ಸಿಕ್ಕಿತು. ಮೇಸ್ತ್ರಿ ಮಷಿನ್ ತರಿಸೋಣ ಅಂದ. ನಾನು ಆನಂದದಿಂದ ತಡೆದೆ. ಬಂಡೆಗೆ ತೂತು ಹೊಡೆಸಿ, ಹಿತ್ತಲ ನುಗ್ಗೆಮರದ ಕೊಂಬೆ ಕಡಿದು, ಗೂಟ ಮಾಡಿ ಜಡಿದು, ದಿನಾ ಕೊಡ ಕೊಡ ನೀರು ಹುಯ್ದೆ.

ಹೆಂಡತಿ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದಳು. “ನೀರಿಲ್ಲ ಅಂತ ಸಂಪು ತೋಡಿಸ್ತಿದ್ದೀವಿ. ಇರೋ ನೀರನ್ನೂ ಅದಕ್ಕೇ ಸುರೀತಿದ್ದೀರಲ್ಲ.”

ಗೂಟಕ್ಕೆ ಒಣಗಿದ ಮರ ಬೇಕಂತೆ, ಅದು ನನಗೆ ಆಮೇಲೆ ತಿಳಿಯಿತು. ಒಂದು ಬೆಳಗ್ಗೆ ಇಣುಕಿ ನೋಡಿದರೆ ಬಂಡೆ ಬಿರುಕು ಬಿಟ್ಟಿರಲಿಲ್ಲ, ನುಗ್ಗೆ ಚಿಗುರು ಬಿಟ್ಟಿತ್ತು.

೪. ಬೆಳೆಯುವ ಗುಡ್ಡೆ

ಮಷಿನ್ ಬಂತು, ಬಂಡೆ ಒಡೆಯಿತು, ಸಂಪೂ ಆಯಿತು. ಉಳಿದದ್ದು ರಸ್ತೆ ಬದಿಯಲ್ಲಿ ರಾಶಿ ಬಿದ್ದ ಕಲ್ಲು. ನನ್ನ ಪ್ರಶ್ನೆ ನನ್ನ ಮನೆ ಬಾಗಿಲಿಗೇ ಬಂದು ಕೂತಿತ್ತು. ಎಷ್ಟು ಟ್ರ್ಯಾಕ್ಟರಿನವರಿಗೆ ಫೋನ್ ಮಾಡಿದರೂ “ನಾಳೆ ಬರ್ತೀನಿ ಸಾರ್.” ಅವರ ನಾಳೆ ಬರಲಿಲ್ಲ, ದಸರಾ ಬಂತು. ಈ ಗುಡ್ಡೆ ಕದಲುವವರೆಗೂ ತಾನೂ ಕದಲುವುದಿಲ್ಲ ಅಂದಳು ಹೆಂಡತಿ.

ಕದಲುವುದಿರಲಿ, ಗುಡ್ಡೆ ಬೆಳೆಯತೊಡಗಿತು. ನಮ್ಮೂರಿನ ಪದ್ಧತಿ ನಿಮಗೂ ಗೊತ್ತಲ್ಲ, ಎಲ್ಲಾದರೂ ಒಂದು ಗುಡ್ಡೆ ಕಂಡರೆ ಸಾಕು, ಸುತ್ತಲಿನವರೆಲ್ಲ ತಮ್ಮದನ್ನೂ ತಂದು ಸುರಿಯುತ್ತಾರೆ. ಬೂದು ಕಲ್ಲಿನ ಮೇಲೆ ಕೆಂಪು ಇಟ್ಟಿಗೆ ಬಂತು, ನೀಲಿ ಟೈಲ್ಸ್ ಬಂತು. ಒಂದು ದಿನ ಹಾಲು ತರಲು ಹೋದ ಹೆಂಡತಿ ಗೇಟಿನಲ್ಲೇ ನಿಂತು ಕೂಗಿದಳು.

“ರೀ, ನಮ್ಮ ಬಂಡೆಯೊಳಗೆ ಕಮೋಡೂ ಇತ್ತಾ?”

೫. ತಾತನ ಕಾಲದ್ದು

ಹೊರಡಲು ವಾರವಿತ್ತು. ಪಾರ್ಕಿನವರೆಲ್ಲ ಚೀಲ ಕಟ್ಟುತ್ತಿದ್ದರು. ನಾನು ರಸ್ತೆಯಲ್ಲಿ ಕಾವಲು ಕೂತು, ಬಂದವರಿಗೆಲ್ಲ ಇಲ್ಲಿ ಹಾಕಬೇಡ್ರಪ್ಪಾ ಅಂತ ಬೇಡಿಕೊಂಡೆ. ನಾನು ಊಟಕ್ಕೆ ಎದ್ದಾಗ ಹಾಕಿದರು.

ಮರುದಿನ ನಸುಕಿನಲ್ಲಿ ಹೆಂಡತಿ ಒಂದು ಬಟ್ಟಲು ಹಿಡಿದು ಹೊರಗೆ ಹೋದಳು. ನಮ್ಮ ಸಂಪಿನಿಂದಲೇ ಎದ್ದು ಬಂದು ಗುಡ್ಡೆಯ ಪಕ್ಕ ನೆಟ್ಟಗೆ ನಿಂತಿದ್ದ ದೊಡ್ಡ ಕಲ್ಲಿಗೆ ಅರಿಶಿನ ಬಳಿದು, ಕುಂಕುಮವಿಟ್ಟು, ಎರಡು ದಾಸವಾಳ ಸಿಕ್ಕಿಸಿ ಒಳಗೆ ಬಂದಳು. ಏನೇ ಇದು ಅಂದೆ. ಕಾಫಿ ಕುಡೀರಿ ಅಂದಳು.

ಅಂದಿನಿಂದ ಒಂದು ಇಟ್ಟಿಗೆ ಚೂರೂ ಬೀಳಲಿಲ್ಲ. ಸಂಜೆಗೆ ಯಾರೋ ದೀಪ ಹಚ್ಚಿದರು. ಮಾರನೆಯ ದಿನ ಹಿಂದಿನ ಬೀದಿಯ ಹೆಂಗಸರು ಗುಡಿಸಿ ರಂಗೋಲಿ ಹಾಕಿದರು. ದೇವರು ನೆಲದ ಮೇಲಿರಬಾರದು ಅಂತ ಹುಡುಗರು ಸಿಮೆಂಟು ತಂದರು, ಗುಡ್ಡೆಯಲ್ಲಿದ್ದ ಕಲ್ಲು, ಇಟ್ಟಿಗೆ ಎಲ್ಲವನ್ನೂ ತುಂಬಿ ಸೊಗಸಾದ ಕಟ್ಟೆ ಕಟ್ಟಿ, ಕಲ್ಲನ್ನು ಮೇಲೆ ಕೂರಿಸಿದರು. ನೀಲಿ ಟೈಲ್ಸನ್ನು ಮುಂಭಾಗಕ್ಕೆ ಅಂಟಿಸಿದರು. ಕಮೋಡು ಮಾತ್ರ ಎಲ್ಲಿ ಹೋಯಿತೋ, ನಾನು ವಿಚಾರಿಸಲಿಲ್ಲ.

ಹೊರಡುವ ದಿನ ಕೈ ಮುಗಿಯುತ್ತಿದ್ದ ಹಳೇ ಊರಿನ ಯಜಮಾನರೊಬ್ಬರನ್ನು, ಇದು ಯಾವಾಗಿನದು ಅಂತ ಸುಮ್ಮನೆ ಕೇಳಿದೆ. ಅವರು ನನ್ನನ್ನು ಹೊಸಬನನ್ನು ನೋಡುವಂತೆ ನೋಡಿ, “ನಮ್ ತಾತನ ಕಾಲ್ದಿಂದ್ಲೂ ಇಂಗೇ ಐತೆ ಸಾಮಿ” ಅಂದರು.

ಗುಡ್ಡೆ ಕರಗಿತ್ತು. ಎಲ್ಲೋರಕ್ಕೆ ಹೋದೆವು. ಬಂಡೆಯಿಂದ ಎದ್ದು ನಿಂತ ಆ ದೇವಸ್ಥಾನದ ಅಂಗಳದಲ್ಲಿ ನಾನು ಬಾಯಿ ಬಿಟ್ಟು ನೋಡುತ್ತಿದ್ದೆ. ನಾನು ಕೇಳುವ ಮೊದಲೇ ಗೈಡ್ ಹೇಳಿದ, ಇದನ್ನು ಹೇಗೆ ಮಾಡಿದರು, ಕಡಿದ ಕಲ್ಲೆಲ್ಲ ಎಲ್ಲಿಗೆ ಹೋಯಿತು ಅಂತ ಇವತ್ತಿಗೂ ಯಾರಿಗೂ ಸರಿಯಾಗಿ ಗೊತ್ತಿಲ್ಲ ಅಂತ.

ಹೆಂಡತಿ ನನ್ನ ಕಿವಿಯ ಹತ್ತಿರ ಬಗ್ಗಿದಳು.

“ಯಾರೋ ಸಂಪು ತೋಡಿಸೋಕೆ ಹೊರಟಿರ್ತಾರೆ ಕಣ್ರೀ. ಮಿಕ್ಕಿದ್ದನ್ನ ಬೀದಿಯವರು ನೋಡ್ಕೊಂಡಿರ್ತಾರೆ.”