ಎರಿ ನೆಲದಲ್ಲಿ ನನ್ನ ಒಂದು ರನ್ನು

ಕ್ರಿಕೆಟ್ಟನ್ನು ಮೊದಲು ಪುಸ್ತಕದಲ್ಲಿ ಓದಿ ಆಮೇಲೆ ಮೈದಾನಕ್ಕೆ ಇಳಿಯುವವರಿಗೆ ಫಜೀತಿ ತಪ್ಪಿದ್ದಲ್ಲ. ನನಗಂತೂ ಒಂದೇ ಪಂದ್ಯದ ಹೆಸರಿನಲ್ಲಿ ಹಲವು ಆದವು.

ಕೇಳದ ಪ್ರಶ್ನೆ

ನಾವು ಮೊದಲ ಸಲ ವಿಶ್ವಕಪ್ ಗೆದ್ದ ಮರುವರ್ಷ. ನಾನಾಗ ನವಲಗುಂದದ ಕಡೆಯ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ. ಹುಡುಗಿಯರಿಗೂ ಆಡಲು ಮೈದಾನ ಕೊಡಿ ಎಂದು ಹೆಡ್‌ಮಾಸ್ತರಿಗೆ ಎರಡು ಅರ್ಜಿ ಬರೆದಿದ್ದೆ. ಎರಡಕ್ಕೂ ಉತ್ತರವಿರಲಿಲ್ಲ.

ಅಷ್ಟರಲ್ಲಿ ಹಿಂದೆ ರಾಜ್ಯಕ್ಕೆ ಆಡಿದ್ದ ಹುಬ್ಬಳ್ಳಿಯ ಹಿರಿಯರ ತಂಡದೊಂದಿಗೆ ನಮ್ಮ ಶಿಕ್ಷಕರ ಸ್ನೇಹಪಂದ್ಯ ಗೊತ್ತಾಯಿತು. ನಮ್ಮ ತಂಡದ ಹನ್ನೊಂದನೆಯವರ ಕಾಲಿಗೆ ಜಾಲಿಮುಳ್ಳು ನೆಟ್ಟಿತು.

"ಅಕ್ಕೋರ, ನೀವು ಕಾಲೇಜಿನಾಗ ಆಡೇನಿ ಅಂತಿದ್ರಲ್ಲರಿ?" ಎಂದರು ಹೆಡ್‌ಮಾಸ್ತರು.

"ಹೌದ್ರಿ ಸರ್, ಎರಡು ವರ್ಷ."

"ಹಂಗಾರ ಒಂದ ಒಂದು ರನ್ ಹೊಡೀರಿ. ಪ್ರತಿ ಶನಿವಾರ ಗ್ರೌಂಡು ನಿಮ್ಮ ಹುಡುಗ್ಯಾರಿಗೆ."

ಆ ಎರಡು ವರ್ಷಗಳಲ್ಲಿ ನಾನು ಗಳಿಸಿದ್ದು ಒಟ್ಟು ನಾಲ್ಕು ರನ್. ಅದನ್ನು ಅವರು ಕೇಳಲಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಬರೆಯಬಾರದೆಂದು ನಾನೇ ಮಕ್ಕಳಿಗೆ ಹೇಳುತ್ತಿದ್ದೆ.

ಕಾಣದ ಚೆಂಡು

ಎದುರು ತಂಡದ ವೇಗದ ಬೌಲರರ ಬಗ್ಗೆ ನಮ್ಮ ಶಾಲೆಯ ಜವಾನರು ಕೈ ಮುಗಿದೇ ಮಾತಾಡುತ್ತಿದ್ದರು.

"ಅವರ ಬಾಲು ಕಣ್ಣಿಗೆ ಕಾಣೂದಿಲ್ರಿ ಅಕ್ಕೋರ. ಒಮ್ಮೆ ಸ್ಟಂಪ್ ಮುರದು ತುಂಡು ಕೆರಿಯಾಗ ಬಿದ್ದಿತ್ತರಿ."

ಮೈದಾನದಿಂದ ಕೆರೆಗೆ ಇರುವ ದೂರವನ್ನು ಕಪ್ಪುಹಲಗೆಯ ಮೇಲೆ ಬರೆದು, ಇದು ಸಾಧ್ಯವಿಲ್ಲವೆಂದು ಲೆಕ್ಕ ಮಾಡಿ ತೋರಿಸಿದೆ. ಆಮೇಲೆ, "ಅದನ್ನ ನೀವು ಕಣ್ಣಾರೆ ನೋಡೀರೇನು?" ಎಂದೆ.

"ಹ್ಯಾಂಗ ನೋಡ್ಲಿರಿ? ಕಾಣೂದಿಲ್ಲ ಅಂತ ಆಗಿಂದ ಹೇಳಾಕತ್ತೇನಲ್ಲರಿ!"

ಪ್ಯಾಡು

ಪುಸ್ತಕದಲ್ಲಿದ್ದ ಚಿತ್ರದಂತೆಯೇ ಪ್ಯಾಡು ಕಟ್ಟಿಕೊಂಡೆ. ಚಿತ್ರದಲ್ಲಿದ್ದವನು ಸೀರೆ ಉಟ್ಟಿರಲಿಲ್ಲ ಎಂಬುದು ನಡೆಯತೊಡಗಿದ ಮೇಲೆ ಹೊಳೆಯಿತು. ಬಿಗಿದ ನೆರಿಗೆಯೊಳಗೆ ಗೇಣುಗೇಣು ಹೆಜ್ಜೆ ಇಡುತ್ತ ಹೊರಟೆ.

ಬೌಲರರಿಗೆ ಈಗ ಹೊಟ್ಟೆ ಬಂದಿತ್ತು, ಮೊಣಕಾಲಿಗೆ ಪಟ್ಟಿ ಇತ್ತು. ಕಾದು ಕಾದು ಕೊನೆಗೆ ನೆಲದ ಮೇಲೆ ಕೂತೇಬಿಟ್ಟರು. "ಅವಸರಿಲ್ರಿ ಅಕ್ಕೋರ. ಸಂಜೀ ಮಟಾ ಇಲ್ಲೇ ಇರತೇವಿ."

ಮೊದಲ ಚೆಂಡು ಬಂತು. ಕಾಣದ ಚೆಂಡೆಂಬುದು ದಂತಕಥೆಯೇ ಸರಿ: ಅದು ನನಗೆ ಸ್ವಚ್ಛವಾಗಿ ಕಂಡಿತು, ಹೊಲಿಗೆ ಎಣಿಸುವಷ್ಟು ಕಂಡಿತು. ಬ್ಯಾಟಿಗೆ ಮಾತ್ರ ತಾಗಲಿಲ್ಲ. ಮುಂದಿನ ನಾಲ್ಕೂ ಅಷ್ಟೇ ಸ್ವಚ್ಛವಾಗಿ ಕಂಡವು.

ಬಿರುಕು

ನಮ್ಮ ಸರದಿಯ ಕೊನೆಯ ಚೆಂಡು. ಹುಡುಗಿಯರು ಬೇವಿನ ಗಿಡದ ಕೆಳಗೆ ನಿಂತಿದ್ದರು. ನೋಡಿ ಪ್ರಯೋಜನವಿಲ್ಲವೆಂದು ಮನವರಿಕೆಯಾಗಿ ಕಣ್ಣು ಮುಚ್ಚಿದೆ. ಬ್ಯಾಟಿಗೆ ಏನೋ ತಾಗಿತು.

ಕಣ್ಣು ತೆರೆದಾಗ ಚೆಂಡು ಪಿಚ್ಚಿಗೆ ಹಾಸಿದ್ದ ಮ್ಯಾಟಿನಿಂದ ಇಳಿದು, ಬೇಸಿಗೆಗೆ ಬಾಯಿ ಬಿಟ್ಟಿದ್ದ ಕಪ್ಪು ಮಣ್ಣಿನ ಎರಿ ನೆಲದ ಬಿರುಕೊಂದರೊಳಗೆ ಮಾಯವಾಗುತ್ತಿತ್ತು. ಅವರ ವಿಕೆಟ್ ಕೀಪರ್ ಓಡಿಬಂದು ಬಗ್ಗಿ, ಮೊಣಕೈವರೆಗೆ ಕೈ ಇಳಿಸಿದರು.

"ಬಾಲ್ ಎಲ್ಲೈತಿಲೇ?" ಬೌಲರರು ಕೂಗಿದರು.

"ಕೈಯಾಗ ಐತಿ!"

"ಮತ್ತ ಒಗಿಯಲೇ!"

"ಮುಷ್ಟಿ ಹೊರಗ ಬರವಲ್ದೋ!"

"ಬಾಲ್ ಬಿಡು, ಕೈ ಬರತೈತಿ!"

"ಬಾಲ್ ಬಿಟ್ಟು ಬರೇ ಕೈ ಒಗೀಲೇನು?"

ಚೆಂಡು ಕಳೆದಿದೆಯೋ ಇಲ್ಲವೋ, ನಿಯಮ ಏನು ಹೇಳುತ್ತದೆ ಎಂದು ನಾನು ನಿಂತಲ್ಲೇ ನೆನಪಿಸಿಕೊಳ್ಳುತ್ತಿದ್ದೆ. ಆ ತುದಿಯಲ್ಲಿ ಬ್ಯಾಟು ಹಿಡಿದಿದ್ದ ನಮ್ಮ ಡ್ರಾಯಿಂಗ್ ಮಾಸ್ತರು ಆಗಲೇ ನನ್ನ ಪಕ್ಕಕ್ಕೆ ಬಂದು ಮುಟ್ಟಿದ್ದರು. "ಅಕ್ಕೋರ, ವಿಚಾರ ಆಮ್ಯಾಲೆ ಮಾಡ್ರಿ, ಮೊದಲ ಓಡ್ರಿ!"

ಓಡುವುದು ಆ ನೆರಿಗೆಯಲ್ಲಿ ಆಗದ ಮಾತು. ಎರಡೂ ಕಾಲು ಜೋಡಿಸಿ ಕಪ್ಪೆಯಂತೆ ಜಿಗಿಯುತ್ತ ಹೋಗಿ, ಅತ್ತಲಿನ ಗೆರೆಯಾಚೆ ಬೋರಲು ಬಿದ್ದೆ. ಕೀಪರರ ಕೈ ಇನ್ನೂ ನೆಲದಲ್ಲೇ ಇತ್ತು.

ಪಂದ್ಯ ಸೋತೆವು. ಹೆಡ್‌ಮಾಸ್ತರು ಮಾತು ಉಳಿಸಿಕೊಂಡರು.

ಮೊದಲ ಶನಿವಾರ ಅರ್ಧದಿನದ ಶಾಲೆ ಬಿಟ್ಟ ಕೂಡಲೇ ಹುಡುಗಿಯರು ಮೈದಾನಕ್ಕಿಳಿದರು. ಒಂಬತ್ತನೆಯ ತರಗತಿಯವಳೊಬ್ಬಳು ತಂಗಿಗೆ ಆ ಬಿರುಕನ್ನು ತೋರಿಸುತ್ತಿದ್ದಳು: "ನಮ್ಮ ಅಕ್ಕೋರ ಹೊಡದ ಹೊಡತಕ್ಕ ನೆಲಾನ ಸೀಳೇತಿ ನೋಡಬೇ!"

ತಿದ್ದಬೇಕೆಂದು ಬಾಯಿ ತೆರೆದೆ, ಆಮೇಲೆ ಮುಚ್ಚಿದೆ. ತಪ್ಪು ತಿದ್ದುವುದು ನನ್ನ ಕೆಲಸ, ನಿಜ. ಆದರೆ ಅಂದಿನ ಶಾಲೆಯ ವೇಳೆ ಮುಗಿದಿತ್ತು.