ಏಳಡಿ ಕೇಳಿದವರಿಗೆ ಮೂವತ್ತು ಘನ ಅಡಿ

ಓಮಲೂರಿನ ಅಮೈದಿ ಫ್ರೀಜರ್ ಬಾಕ್ಸ್ ಸರ್ವೀಸ್‌ನ ಮಾಲೀಕರೂ ಗಣಿತಪ್ರಿಯರೂ ಆದ ಮಾನ್ಯ ಸೆಂದಿಲ್‌ಕುಮಾರ್ ಅವರೇ,

ಸತ್ತವರನ್ನು ತಣ್ಣಗೆ ಕಾಯುವ ತಮಗೆ, ಬದುಕಿ ಉಳಿದಿರುವ ನಮ್ಮ ಮನೆಯವರೆಲ್ಲರ ಬಿಸಿಬಿಸಿ ನಮಸ್ಕಾರಗಳು.

ಮೇಟೂರಿನ ಪಕ್ಕದ ನಮ್ಮ ಹಳ್ಳಿಯಲ್ಲಿ ಹೋದ ವಾರ ನನ್ನ ಮಾವ ಕರಿಯಪ್ಪನವರು ತೀರಿಕೊಂಡರು. ಮಣ್ಣು ಹಾಕಬೇಕಾದ ಹಿರಿಮಗ, ಅಂದರೆ ನನ್ನ ಭಾವ ದೊಡ್ಡಣ್ಣನವರು, ಲಾರಿ ಓಡಿಸಿಕೊಂಡು ನಾಗಪುರದ ಆಚೆ ಇದ್ದುದರಿಂದ, ಅವರು ಬರುವವರೆಗೆ ದೇಹ ಕೆಡದಿರಲೆಂದು ತಮಗೆ ಫೋನ್ ಮಾಡಿದೆ. ಮಾವ ಆರಡಿ ಮೂರಂಗುಲದ ಆಳು. ಏಳಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ಪೆಟ್ಟಿಗೆ ಬೇಕೆಂದು ಅಳುತ್ತಲೇ ಹೇಳಿದೆ. ತಾವು ತಾಳ್ಮೆಯಿಂದ ಮೂರನ್ನೂ ಗುಣಿಸಿ, ‘ಇಪ್ಪತ್ತೆಂಟು ಘನ ಅಡಿ. ನಮ್ಮ ಬಾಕ್ಸ್ ಮೂವತ್ತೇ ಐತಮ್ಮಾ, ಕಣಕ್ಕು ಸರಿಯಾ ಇರುಕ್ಕು’ ಎಂದು, ಲೆಕ್ಕ ಸರಿಯಿರುವುದನ್ನು ತಮಿಳಿನಲ್ಲೂ ದೃಢಪಡಿಸಿದಿರಿ.

ವ್ಯಾನಿನಿಂದ ಇಳಿದದ್ದು ಐದಡಿ ಉದ್ದ, ಮೂರಡಿ ಅಗಲ, ಎರಡಡಿ ಎತ್ತರದ ಪೆಟ್ಟಿಗೆ. ನಾನೂ ಗುಣಿಸಿ ನೋಡಿದೆ, ಮೂವತ್ತೇ. ಕೇಳಿದ್ದಕ್ಕಿಂತ ಎರಡು ಘನ ಅಡಿ ಹೆಚ್ಚೇ ಕೊಟ್ಟ ತಮ್ಮ ಧಾರಾಳತನವನ್ನು ಮೆಚ್ಚಿಕೊಳ್ಳುವಷ್ಟರಲ್ಲಿ ಮಾವನ ಕಾಲುಗಳು ಮೊಣಕಾಲಿನಿಂದ ಕೆಳಗೆ ಹೊರಗೇ ಉಳಿದವು. ಮತ್ತೆ ಫೋನ್ ಮಾಡಿದಾಗ ತಾವು, ‘ಮಂಡಿ ಮಡಿಸಿ, ಅಗಲದಲ್ಲಿ ಬೇಕಾದಷ್ಟು ಜಾಗ ಐತಲ್ಲ’ ಎಂದು ಮಾರ್ಗ ತೋರಿದಿರಿ.

ಅದನ್ನು ಕೇಳಿಸಿಕೊಂಡ ನನ್ನ ಅತ್ತೆ ಮಾದಮ್ಮನವರು ಕಣ್ಣೊರೆಸಿಕೊಂಡು, ಪೆಟ್ಟಿಗೆ ತಂದಿದ್ದ ತಮ್ಮ ವ್ಯಾನಿನ ಡ್ರೈವರ್ ಸುರೇಶನಿಗೆ, ‘ಬದುಕಿರೋಗಂಟ ಯಾರ ಮುಂದೂ ಮಂಡಿ ಊರಿದವರಲ್ಲ. ಈಗ ಮಡಿಸ್ತಾರೇನ್ಲಾ? ಎತ್ಕೊಂಡು ಓಗು’ ಎಂದರು.

ಸುರೇಶ ತಲೆ ತಗ್ಗಿಸಿ ಪೆಟ್ಟಿಗೆ ಎತ್ತಿಕೊಂಡು ಹೋದ. ಆದರೆ ಓಮಲೂರಿಗಲ್ಲ, ಮೇಟೂರಿನ ಮೀನು ಮಾರ್ಕೆಟ್ಟಿಗೆ ಹೋಗಿ, ವ್ಯಾನು ತುಂಬ ಐಸ್ ಗಡ್ಡೆ ಹೇರಿಕೊಂಡು ಬಂದ. ಮಂಚದ ಕೆಳಗೂ ಸುತ್ತಲೂ ಅವನ್ನೇ ಜೋಡಿಸಿ, ಹೊಟ್ಟು ಸುರಿದು, ಗೋಣಿಚೀಲ ಹೊದಿಸಿದೆವು. ಮಾವ ಜೀವಮಾನದಲ್ಲಿ ಮುಟ್ಟದ ಮೀನಿನ ವಾಸನೆ ಮನೆಯೆಲ್ಲ ಹರಡಿ, ಬೀದಿಯ ಬೆಕ್ಕುಗಳೂ ಸಂತಾಪ ಸೂಚಿಸಲು ಬಂದು ಕೂತವು. ಕೊನೆಗೂ ಲಾರಿಯಿಂದ ಇಳಿದ ಭಾವ, ತಂದೆಯ ಪಾದಗಳನ್ನು ಹಿಡಿದುಕೊಂಡು, ‘ಅಪ್ಪ ಒಲದಾಗೆ ಮಲಗ್ದಂಗೇ ಕಾಲು ಚಾಚ್ಕಂಡವ್ರೆ’ ಎಂದು ಬಿಕ್ಕಿ ಬಿಕ್ಕಿ ಅತ್ತರು. ಹಿಡಿದುಕೊಳ್ಳಲು ಪಾದಗಳು ಇದ್ದ ಜಾಗದಲ್ಲೇ ಇದ್ದುವು ಎಂಬುದನ್ನು ತಮ್ಮ ಗಮನಕ್ಕೆ ತರುತ್ತೇನೆ.

ತಮ್ಮಲ್ಲಿ ಒಂದೇ ವಿನಂತಿ. ಉದ್ದವನ್ನು ಅಗಲಕ್ಕೆ ಹಾಕಿಕೊಡುವ ತಮ್ಮ ವಿದ್ಯೆಯನ್ನು ದಯಮಾಡಿ ನಾಗಪುರದ ರಸ್ತೆಗೂ ಅನ್ವಯಿಸಬೇಕು. ದಾರಿ ಅಷ್ಟು ಗಿಡ್ಡವಾಗಿ ಅಗಲವಾಗಿದ್ದಿದ್ದರೆ ಭಾವ ಅಂದಿನ ಮಧ್ಯಾಹ್ನವೇ ಮನೆ ಸೇರುತ್ತಿದ್ದರು, ತಮಗೆ ಗುಣಿಸುವ ತೊಂದರೆಯೂ ತಪ್ಪುತ್ತಿತ್ತು.

ಸದ್ಯಕ್ಕೆ ಯಾವ ಅಳತೆಯ ಪೆಟ್ಟಿಗೆಯೂ ಬೇಡವಾಗಿರುವ,
ತಮ್ಮ ವಿಶ್ವಾಸಿ
ವಾಣಿ

ತಾ.ಕ.: ತಾವು ಎಷ್ಟು ಎತ್ತರದವರು ಎಂದು ಅತ್ತೆ ವಿಚಾರಿಸುತ್ತಿದ್ದಾರೆ. ಘನ ಅಡಿಯಲ್ಲಿ ಬೇಡ, ತಲೆಯಿಂದ ಕಾಲಿನವರೆಗೆ ಹೇಳಿದರೆ ಸಾಕು.